ಈಜಿನ ಪದಕ ಮತ್ತು ಹಾರ್ವರ್ಡ್ ಸೀಟು

ಮೈಸೂರಿನ ಓದುಗರೊಬ್ಬರ ಪ್ರಶ್ನೆ: ಮಗಳು ಹತ್ತನೇ ತರಗತಿಯಲ್ಲಿದ್ದಾಳೆ, ಈಜಿನಲ್ಲಿ ರಾಜ್ಯಮಟ್ಟದ ಪದಕಗಳಿವೆ. ರಾಷ್ಟ್ರಮಟ್ಟದ ಸರ್ಟಿಫಿಕೇಟ್ ಒಂದಿದ್ದರೆ ಹಾರ್ವರ್ಡ್‌ನಂಥ ಕಡೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಖಚಿತ ಎನ್ನುತ್ತಾರೆ ಕನ್ಸಲ್ಟೆಂಟ್. ನಿಜವೇ?

ಸಂಪಾದಕರ ಉತ್ತರ: ಪೂರ್ತಿ ಸುಳ್ಳಾಗಿದ್ದರೆ ಉತ್ತರ ಸುಲಭವಿತ್ತು. ನಮ್ಮ ಸಿಇಟಿಯ ಹಾಗೆ ಸರ್ಟಿಫಿಕೇಟ್ ತೋರಿಸಿ ಪಡೆಯುವ ಕೋಟಾ ಅಲ್ಲಿಲ್ಲ. ತಂಡದ ಕೋಚ್ ತನಗೆ ಬೇಕಾದ ಕೆಲವೇ ಹೆಸರುಗಳನ್ನು ಪ್ರವೇಶ ವಿಭಾಗಕ್ಕೆ ಕೊಡುತ್ತಾರೆ. ಬಲ ಇರುವುದು ಆ ಪಟ್ಟಿಗೆ. ಹಾರ್ವರ್ಡ್ ವಿರುದ್ಧದ ಮೊಕದ್ದಮೆಯಲ್ಲಿ ಬಯಲಾದ ಅಂಕಿಅಂಶಗಳ ಪ್ರಕಾರ, ಹಾಗೆ ಆರಿಸಿದ ಕ್ರೀಡಾಪಟುಗಳಲ್ಲಿ ಶೇ. 86ರಷ್ಟು ಮಂದಿಗೆ ಪ್ರವೇಶ ಸಿಕ್ಕಿತ್ತು. ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಇದು ಸುಮಾರು ಶೇ. 33. ಇಂಥ ಯಾವ ಆಸರೆಯೂ ಇಲ್ಲದವರಲ್ಲಿ ಶೇ. 6ಕ್ಕಿಂತ ಕಡಿಮೆ. ಪಟ್ಟಿಯಲ್ಲಿ ಹೆಸರಿಲ್ಲದೆ ಪದಕ ಮಾತ್ರ ಇದ್ದರೆ ಅದು ಅರ್ಜಿಯಲ್ಲಿ ಒಂದು ಸಾಲು, ಅಷ್ಟೇ.

ಆಟ ಯಾವುದೆನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕ್ರಿಕೆಟ್, ಬ್ಯಾಡ್ಮಿಂಟನ್ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಆಟಗಳಲ್ಲ. ಈಜಿದೆ, ಆದರೆ ಕಾಲೇಜು ಸ್ಪರ್ಧೆ ನಡೆಯುವುದು 25 ಗಜದ, ಅಂದರೆ 22.86 ಮೀಟರಿನ ಕೊಳದಲ್ಲಿ. ದೂರ ಕಡಿಮೆ, ತಿರುವು ಹೆಚ್ಚು: 50 ಮೀಟರ್ ಕೊಳದಲ್ಲಿ 100 ಮೀಟರಿಗೆ ಒಂದೇ ತಿರುವು, ಇಲ್ಲಿ 100 ಗಜಕ್ಕೆ ಮೂರು. ಹಾಗಾಗಿ ಮಗಳ ಟೈಮಿಂಗನ್ನು ಗಜಕ್ಕೆ ಪರಿವರ್ತಿಸಿ, ಆ ಕಾಲೇಜಿನ ಲೀಗ್ ಚಾಂಪಿಯನ್‌ಶಿಪ್ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿ. ಅಂಕ ಗಳಿಸುವ ಸ್ಥಾನದ ಹತ್ತಿರವೂ ಬರದಿದ್ದರೆ ಬೇರೆ ಕಾಲೇಜು ಹುಡುಕಿ. ಕೋಚ್‌ಗೆ ಪದಕದ ಬಣ್ಣ ಬೇಕಿಲ್ಲ, ಸೆಕೆಂಡು ಬೇಕು.

ಎನ್‌ಸಿಎಎಯ ಅತಿ ಮೇಲಿನ ಹಂತವಾದ ಡಿವಿಷನ್ 1ರ ಹೆಚ್ಚಿನ ಆಟಗಳಲ್ಲಿ ಕೋಚ್ ತಾವಾಗಿ ಮಾತನಾಡಬಹುದಾದದ್ದು ಹತ್ತನೇ ತರಗತಿ ಮುಗಿದ ವರ್ಷದ ಜೂನ್ 15ರಿಂದ. ಅಷ್ಟರೊಳಗೆ ತಂಡದ ವೆಬ್‌ಸೈಟಿನ ಪ್ರಶ್ನಾವಳಿ ತುಂಬಿರಲಿ. ಮಗಳೇ ಇಮೇಲ್ ಬರೆಯಲಿ: ಪಿಯು ಮುಗಿಯುವ ವರ್ಷ, ಸ್ಪರ್ಧೆಗಳು, ಟೈಮಿಂಗ್, ಅಂಕಪಟ್ಟಿ, ಚಿಕ್ಕ ವಿಡಿಯೊ. ಅಪ್ಪ ಅಮ್ಮ ಬರೆದ ಮೇಲ್ ಕೋಚ್‌ಗಳಿಗೆ ಹಿಡಿಸುವುದಿಲ್ಲ. ಬೇಸಿಗೆ ಕ್ಯಾಂಪಿಗೆ ಕರೆ ಬಂತೆಂದು ಹಿಗ್ಗಬೇಡಿ. ಅದು ಶುಲ್ಕ ಕೊಡುವ ಯಾರಿಗೂ ಬರುತ್ತದೆ.

ನಮ್ಮ ಮಕ್ಕಳು ಸೋಲುವುದು ಪ್ರಥಮ ಪಿಯುನಲ್ಲಿ. ಸಿಇಟಿ, ಜೆಇಇ ಕೋಚಿಂಗ್ ಎಂದು ಕೊಳ ಬಿಡುವ ವರ್ಷ ಅದೇ, ಅಲ್ಲಿನ ಕೋಚ್‌ಗಳು ಟೈಮಿಂಗ್ ಸುಧಾರಿಸುವುದನ್ನು ಕಾಯುವ ವರ್ಷವೂ ಅದೇ. ಅದು ಮುಗಿದ ಬೇಸಿಗೆಯಲ್ಲಿ ಕೋಚ್ ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ಕಳಿಸಿ ಮುಂಚಿತ ಅಭಿಪ್ರಾಯ ಕೇಳುತ್ತಾರೆ. ಇದಕ್ಕೆ ಪ್ರೀ-ರೀಡ್ ಎನ್ನುತ್ತಾರೆ. ಆಗ ನೇರವಾಗಿ ಕೇಳಿ: ನಿಮ್ಮ ಪಟ್ಟಿಯಲ್ಲಿ ಇವಳ ಹೆಸರಿದೆಯೇ? ನೀವು ಹೀಗೆ ಬೆಂಬಲಿಸಿದವರಲ್ಲಿ ಎಷ್ಟು ಮಂದಿ ತಿರಸ್ಕೃತರಾಗಿದ್ದಾರೆ? ಉತ್ತರ ಹಾರಿಕೆಯದಾದರೆ ಪಟ್ಟಿಯಲ್ಲಿಲ್ಲ ಎಂದೇ ತಿಳಿಯಿರಿ. ಬಾಯಿಮಾತಿಗೆ ಕಾಲೇಜು ಬದ್ಧವಲ್ಲ, ಕೋಚ್ ಕೆಲಸ ಬಿಟ್ಟರೆ ಮಾತೂ ಅವರೊಂದಿಗೇ ಹೋಗುತ್ತದೆ. ಹಾರ್ವರ್ಡ್ ಸೇರಿ ಎಂಟು ಕಾಲೇಜುಗಳ ಕೂಟವಾದ ಐವಿ ಲೀಗ್‌ನಲ್ಲಾದರೆ ಅಕ್ಟೋಬರ್ 1ರ ನಂತರ ಬರಬಹುದಾದ 'ಲೈಕ್ಲಿ ಲೆಟರ್' (ಪ್ರವೇಶ ಬಹುತೇಕ ಖಚಿತ ಎಂದು ಕಾಲೇಜೇ ಕಳಿಸುವ ಪತ್ರ) ಕೈಸೇರುವವರೆಗೆ ಬೇರೆ ಅರ್ಜಿಗಳ ಸಿದ್ಧತೆ ನಿಲ್ಲಿಸಬೇಡಿ.

ಹಣದ ವಿಷಯ: ಐವಿ ಲೀಗ್ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಿಲ್ಲ, ಕುಟುಂಬದ ಆದಾಯ ನೋಡಿ ನೆರವು ಕೊಡುತ್ತವೆ.

ಇನ್ನು, ಕನ್ಸಲ್ಟೆಂಟ್ 'ಪ್ರೊಫೈಲ್ ನಾವೇ ಮಾಡಿಕೊಡುತ್ತೇವೆ' ಎಂದರೆ ಎದ್ದು ಬನ್ನಿ. ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟ ರಿಕ್ ಸಿಂಗರ್ ಎಂಬ ಸಲಹೆಗಾರನ ಜಾಲ 2019ರಲ್ಲಿ ಬಯಲಾಯಿತು. ಅವನಿಗೆ ಮೂರೂವರೆ ವರ್ಷ ಜೈಲಾಯಿತು, ಹಣ ಕೊಟ್ಟ ಹಲವು ಪೋಷಕರೂ ಜೈಲು ಕಂಡರು.