ಬಣ್ಣ ಬಳಿದ ಮಾತ್ರಕ್ಕೆ ಸ್ಟೆಲ್ತ್ ಆಗದು

ಪ್ರಶ್ನೆ: ನಮ್ಮ ಸುಖೋಯ್-30 ವಿಮಾನಗಳಿಗೆ ರೇಡಾರ್ ಅಲೆ ಹೀರುವ ಬಣ್ಣ ಬಳಿದು, ಹೊಸ ಎಂಜಿನ್ ಕೂರಿಸಿದರೆ ಅವೇ ಸ್ಟೆಲ್ತ್, ಅಂದರೆ ರೇಡಾರಿಗೆ ಸುಲಭವಾಗಿ ಕಾಣದ, ಯುದ್ಧವಿಮಾನಗಳಾಗುವುದಿಲ್ಲವೇ? (ಓದುಗರು, ಮಂಡ್ಯ)

ಉತ್ತರ: ಕುವೆಂಪುನಗರದ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಹೋದರೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲವಾದ್ದರಿಂದ, ಒಮ್ಮೆ ವಿವರವಾಗಿಯೇ ಬರೆದುಬಿಡುತ್ತೇನೆ.

ರಾತ್ರಿ ದೀಪ ಆರಿಸಿ, ಊಟದ ಸ್ಟೀಲ್ ತಟ್ಟೆಯನ್ನು ಗೋಡೆಗೆ ಒರಗಿಸಿ ಟಾರ್ಚ್ ಬಿಡಿ. ತಟ್ಟೆ ನಿಮಗೆ ನೇರವಾಗಿದ್ದರೆ ಬೆಳಕು ಕಣ್ಣಿಗೆ ರಾಚುತ್ತದೆ. ಕೊಂಚ ವಾರೆ ಮಾಡಿದರೆ ಅದೇ ಬೆಳಕು ಸೂರಿಗೆ ಹೋಗಿ, ತಟ್ಟೆ ಮಂಕಾಗಿ ಕಾಣುತ್ತದೆ. ತಟ್ಟೆಗೆ ನೀವೇನನ್ನೂ ಬಳಿದಿಲ್ಲ. ರೇಡಾರಿನ ಅಲೆಯೂ ಹೀಗೆಯೇ, ವಿಮಾನಕ್ಕೆ ಬಡಿದು ಮರಳಿದರಷ್ಟೇ ಅದು ಕಾಣುವುದು. ಸ್ಟೆಲ್ತ್ ಮುಖ್ಯವಾಗಿ ಆಕಾರದ ಕೆಲಸ, ಬಣ್ಣದ್ದು ಉಳಿದ ಚೂರುಪಾರನ್ನು ಹೀರುವ ಕೆಲಸ. ಅಮೆರಿಕದ ಸ್ಟೆಲ್ತ್ ವಿಮಾನವಾದ ಎಫ್-22ರ ಬಾಲದ ರೆಕ್ಕೆಗಳು ವಾರೆಯಾಗಿವೆ, ಗಾಳಿ ಒಳಹೋಗುವ ಕೊಳವೆ ಬಾಗಿದ್ದು ಎಂಜಿನ್ನಿನ ಅಲಗುಗಳನ್ನು ಮರೆಮಾಡುತ್ತದೆ, ಕ್ಷಿಪಣಿಗಳು ಹೊಟ್ಟೆಯೊಳಗಿವೆ. ಸುಖೋಯ್-30ರಲ್ಲಾದರೋ ಬಾಲಗಳು ನೆಟ್ಟಗೆ ನಿಂತಿವೆ, ಆಯುಧಗಳು ಹೊರಗೆ ತೂಗುತ್ತಿವೆ.

ಇದರ ಹಿಂದಿನ ಲೆಕ್ಕ ಇನ್ನೂ ನಿರ್ದಯವಾದದ್ದು. ರೇಡಾರ್ ಒಂದು ವಿಮಾನವನ್ನು ಎಷ್ಟು ದೂರದಿಂದ ಕಾಣುತ್ತದೆಂಬುದು ಆ ವಿಮಾನದಿಂದ ಮರಳುವ ಪ್ರತಿಫಲನದ ನಾಲ್ಕನೆಯ ಮೂಲವನ್ನು, ಅಂದರೆ ವರ್ಗಮೂಲದ ವರ್ಗಮೂಲವನ್ನು, ಅವಲಂಬಿಸಿದೆ. ಮೈಸೂರಿನ ರೇಡಾರೊಂದು 160 ಕಿಲೋಮೀಟರ್ ದೂರದಿಂದ ಗುರುತಿಸುವ ವಿಮಾನದ ಪ್ರತಿಫಲನವನ್ನು ನೀವು ಬಣ್ಣ ಬಳಿದು ಹತ್ತರಲ್ಲೊಂದು ಪಾಲಿಗೆ ಇಳಿಸಿದಿರೆಂದೇ ಇಟ್ಟುಕೊಳ್ಳೋಣ. ಆಗಲೂ ಅದು ಸುಮಾರು 90 ಕಿಲೋಮೀಟರ್ ದೂರದಲ್ಲಿ, ಅಂದರೆ ಮಂಡ್ಯಕ್ಕೂ ಎಷ್ಟೋ ಆಚೆಯೇ ಸಿಕ್ಕಿಬೀಳುತ್ತದೆ. ಶ್ರೀರಂಗಪಟ್ಟಣದ ಹತ್ತಿರ, 16 ಕಿಲೋಮೀಟರಿಗೆ ಬರುವವರೆಗೆ ಕಾಣದಿರಬೇಕಾದರೆ ಪ್ರತಿಫಲನ ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಯಬೇಕು. ಯಾವ ಡಬ್ಬಿಯ ಬಣ್ಣಕ್ಕೂ ಆ ಶಕ್ತಿಯಿಲ್ಲ. ಇದೆಯೆಂದು ಯೂಟ್ಯೂಬಿನಲ್ಲಿ ಅರಚುವವರು ಲೇಹ್ಯ ಮಾರುವವರ ಜಾತಿಯವರು.

ಆಕಾರ ಮೊದಲೇ ನಿಗದಿಯಾಗಿರುವುದರಿಂದ ಸ್ಟೆಲ್ತ್ ವಿಮಾನಗಳ ಸುಧಾರಣೆ ಬಹುಮಟ್ಟಿಗೆ ಚರ್ಮದೊಳಗೇ ನಡೆಯಬೇಕು. ಅಮೆರಿಕದ ಇನ್ನೊಂದು ಸ್ಟೆಲ್ತ್ ವಿಮಾನವಾದ ಎಫ್-35ಕ್ಕೆ ಹೊಸ ಕಂಪ್ಯೂಟರುಗಳನ್ನು ಹಾಕಹೊರಟಾಗ ಸಾಫ್ಟ್‌ವೇರ್ ಸಿದ್ಧವಾಗದೆ, 2023ರ ಜುಲೈಯಿಂದ ಸುಮಾರು ಒಂದು ವರ್ಷ ಹೊಸ ವಿಮಾನಗಳನ್ನು ಅಮೆರಿಕದ ಸೇನೆ ಸ್ವೀಕರಿಸಲೇ ಇಲ್ಲ. ಉಪಕರಣ ಹೆಚ್ಚಿದಷ್ಟೂ ಶಾಖ ಹೆಚ್ಚು. ಅದನ್ನು ತಣಿಸಲು ಎಂಜಿನ್ನಿನಿಂದಲೇ ಗಾಳಿ ಕದಿಯಬೇಕಾದ್ದರಿಂದ ಅದರ ಎಫ್135 ಎಂಜಿನ್ನಿನ ಒಳಭಾಗವನ್ನೇ ಸುಧಾರಿಸಲು ಹೊರಟಿದ್ದಾರೆ. ಹೊಸ ಎಂಜಿನ್ ಎಂದಾಕ್ಷಣ ವೇಗವನ್ನಷ್ಟೇ ನೆನೆಯುವವರು ಇದನ್ನು ಗಮನಿಸಬೇಕು.

ಪ್ರಶ್ನೆ: 1999ರಲ್ಲಿ ಸರ್ಬಿಯಾದವರು ಹಳೆಯ ಕ್ಷಿಪಣಿಯಿಂದ ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117 ಉರುಳಿಸಲಿಲ್ಲವೇ?

ಉತ್ತರ: ಉರುಳಿಸಿದರು. ಸ್ಟೆಲ್ತ್ ಎಂದರೆ ತಡವಾಗಿ ಕಾಣುವುದು, ಮಾಯವಾಗುವುದಲ್ಲ.

ಪ್ರಶ್ನೆ: ಎಫ್-35 ಮೇಲೋ ರಷ್ಯಾದ ಸು-57 ಮೇಲೋ?

ಉತ್ತರ: 2025ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಎರಡನ್ನೂ ಕಂಡವರು ಕೇಳುವ ಈ ಪ್ರಶ್ನೆಗೆ, ಕೆಲಸ ಯಾವುದೆಂದು ಹೇಳದ ಹೊರತು ಉತ್ತರವಿಲ್ಲ.

ಪ್ರಶ್ನೆ: ನಮ್ಮದೇ ಸ್ಟೆಲ್ತ್ ಯುದ್ಧವಿಮಾನ ಎಎಂಸಿಎ ಯಾವಾಗ ಹಾರುತ್ತದೆ?

ಉತ್ತರ: 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿದೆ. ದಿನಾಂಕ ಬೇಕಿದ್ದರೆ ಪಂಚಾಂಗದವರನ್ನು ಕೇಳಿ.