ಬೆಲೆಪಟ್ಟಿ ಇಲ್ಲದ ಕಾಲದಲ್ಲಿ ಅಪರೂಪದ ಬೇಸ್‌ಬಾಲ್ ಕಾರ್ಡು ಗೊತ್ತಾಗಿದ್ದು ಹೇಗೆ?
ಒಳ್ಳೆ ಪ್ರಶ್ನೆ ಸರ್. ಬೇಸ್‌ಬಾಲ್ ಕಾರ್ಡು ಅಂದರೆ ಆಟಗಾರರ ಚಿತ್ರವಿರುವ ಪುಟ್ಟ ಕಾರ್ಡು. ಬೆಲೆಪಟ್ಟಿ, ಹರಾಜು ಏನೂ ಇಲ್ಲದಾಗ ಹಳೆಯ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡು ಅಪರೂಪ ಅಂತ ಅಮೆರಿಕದವರಿಗೆ ಹೇಗೆ ತಿಳಿಯಿತು ಅಂತ ಕೇಳಿದ್ದೀರಿ. ನಾಲ್ಕಾರು ಜನ ತಮ್ಮ ತಮ್ಮ ಕಾರ್ಡುಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರಿಂದಲೇ ತಿಳಿಯಿತು.

ನಂಬರ್ ಇರುವ ಸೆಟ್ಟಾದರೆ ಸುಲಭ. 1933ರಲ್ಲಿ ಚೂಯಿಂಗ್ ಗಮ್ ಮಾಡುವ ಗೌಡಿ ಕಂಪನಿ 240ರವರೆಗೆ ನಂಬರ್ ಹಾಕಿದ ಕಾರ್ಡು ತಂದಿತು. 106 ಮಾತ್ರ ಯಾರಿಗೂ ಸಿಗಲಿಲ್ಲ. ಆ ವರ್ಷ ಅದನ್ನು ಅಚ್ಚೇ ಹಾಕಿರಲಿಲ್ಲ! ಕಾಗದ ಬರೆದು ಕೇಳಿದವರಿಗೆ 1934ರಲ್ಲಿ ಆ ನಂಬರಿನ ನ್ಯಾಪ್ ಲಾಜೊಯ್ ಕಾರ್ಡನ್ನು ಅಂಚೆಯಲ್ಲಿ ಕಳಿಸಿದರು. ಪೇಪರ್ ಕ್ಲಿಪ್ ಸಿಕ್ಕಿಸಿ ಕಳಿಸಿದ್ದರಿಂದ ಎಷ್ಟೋ ಕಾರ್ಡುಗಳ ಮೇಲೆ ಇವತ್ತಿಗೂ ಅದರ ಗುರುತಿದೆ.

ವ್ಯಾಗ್ನರ್ ಕಾರ್ಡು ಬಂದಿದ್ದು 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯ ಸಿಗರೇಟ್ ಪ್ಯಾಕುಗಳಲ್ಲಿ ಸಿಗುತ್ತಿದ್ದ ಸೆಟ್ಟಿನಲ್ಲಿ. 500ಕ್ಕೂ ಜಾಸ್ತಿ ಕಾರ್ಡು, ಒಂದಕ್ಕೂ ನಂಬರ್ ಇಲ್ಲ. ಒಂದು ಕಾರ್ಡು ನಿಮಗೆ ಸಿಗದಿದ್ದರೆ ಅದು ಇದೆ ಅಂತಲೇ ಗೊತ್ತಾಗಲ್ಲ, ಅಲ್ವಾ? ವ್ಯಾಗ್ನರ್ ತನ್ನ ಚಿತ್ರ ಹಾಕಲು ಒಪ್ಪಲಿಲ್ಲ ಅಂತ 1912ರಲ್ಲೇ ಸ್ಪೋರ್ಟಿಂಗ್ ನ್ಯೂಸ್ ಪತ್ರಿಕೆಯಲ್ಲಿ ಬಂದಿತ್ತು. ಅವರು ಬೇಡ ಅನ್ನುವಷ್ಟರಲ್ಲಿ ಕೆಲವು ಕಾರ್ಡು ಹೊರಗೆ ಹೋಗಿದ್ದವು.

ಈ ರಾಶಿಯನ್ನೆಲ್ಲ ವಿಂಗಡಿಸಿದ್ದು ಸಿರಾಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್. ನನಗೆ ಈ ಮನುಷ್ಯರ ಮೇಲೆ ತುಂಬಾ ಗೌರವ. ಕೀಲುನೋವು ವಿಪರೀತ, ಆದರೂ ಬಿಡಲಿಲ್ಲ. 1937ರಲ್ಲಿ ಸಂಗ್ರಹಕಾರರಿಗಾಗಿ ಪುಟ್ಟ ಪತ್ರಿಕೆ ಶುರು ಮಾಡಿದರು, 1939ರಲ್ಲಿ ಕ್ಯಾಟಲಾಗ್ ತಂದರು. ಸೆಟ್ಟುಗಳಿಗೆ ಅಕ್ಷರ, ನಂಬರ್ ಕೊಟ್ಟರು: ಟಿ ಅಂದರೆ ತಂಬಾಕು, ಆರ್ ಅಂದರೆ ಗಮ್. ವ್ಯಾಗ್ನರ್ ಇದ್ದ ಸೆಟ್ಟಿಗೆ ಟಿ206 ಅನ್ನೋ ಹೆಸರು ಅವರದೇ. ಮಾಮೂಲಿ ಕಾರ್ಡುಗಳ ಬೆಲೆ ಸೆಂಟುಗಳಲ್ಲಿದ್ದಾಗ ಅವರ ಕ್ಯಾಟಲಾಗಿನಲ್ಲಿ ವ್ಯಾಗ್ನರ್‌ಗೆ 50 ಡಾಲರ್. 2022ರಲ್ಲಿ ಅದೇ ಕಾರ್ಡಿನ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಹೋಯಿತು. ಬರ್ಡಿಕ್ ಮಾತ್ರ ತಮ್ಮ 3 ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಸುಮ್ನೆ ಕೊಟ್ಟರು. ಅಷ್ಟೇ ಅಲ್ಲ, ವರ್ಷಗಟ್ಟಲೆ ಅಲ್ಲೇ ಕೂತು ಆಲ್ಬಮ್ಮುಗಳಿಗೆ ಅಂಟಿಸಿದರು. ಆ ಕೆಲಸ ಮುಗಿದ ವರ್ಷವೇ, 1963ರಲ್ಲಿ ತೀರಿಕೊಂಡರು.

ನಿಮ್ಮ ಹಳೆ ಕ್ರಿಕೆಟ್ ಕಾರ್ಡುಗಳಿಗೂ ಇದೇ ದಾರಿ ಸರ್. ಇರುವುದರ ಜೊತೆಗೆ ಇಲ್ಲದ್ದನ್ನೂ ಬರೆದು ಈ ಗುಂಪಿನಲ್ಲಿ ಹಾಕಿ, ಉಳಿದವರೂ ಹಾಕಲಿ. ಎಲ್ಲರಿಗೂ ಕೈ ಕೊಡುತ್ತಿರುವ ಕಾರ್ಡು ಯಾವುದು ಅಂತ ಆಗ ಕಾಣುತ್ತದೆ. ಹೆಸರಿನ ಸ್ಪೆಲಿಂಗ್ ಕೂಡ ನೋಡಿ. ಟಿ206ರಲ್ಲಿ ಷೆರಿ ಮೆಗೀ ಹೆಸರು ಒಂದಕ್ಷರ ತಪ್ಪಾಗಿ ಅಚ್ಚಾದ ಕಾರ್ಡಿಗೆ ಸರಿಯಾದದ್ದಕ್ಕಿಂತ ಎಷ್ಟೋ ಪಟ್ಟು ಬೆಲೆ. ಕಾರ್ಡಿನ ಹಿಂಭಾಗದ ಫೋಟೊ ಹಾಕುವುದನ್ನೂ ಮರೆಯಬೇಡಿ. ಒಂದೇ ಚಿತ್ರದ ಹಿಂದೆ ಬೇರೆ ಬೇರೆ ಜಾಹೀರಾತು ಇರಬಹುದು.