ನಿಂಬೆ ಗಿಡದ ಮುಖ್ಯ ಟೊಂಗೆಗಳ ಆಯ್ಕೆ

ಪ್ರಶ್ನೆ: ಒಂದೂವರೆ ವರ್ಷದ ಹಿಂದೆ ನೆಟ್ಟ ಕಾಗ್ಜಿ ನಿಂಬೆ ಸಸಿಗಳು ಬುಡದಿಂದಲೇ ನಾಲ್ಕೈದು ಟೊಂಗೆ ಒಡೆದು ಪೊದೆಯಂತಾಗಿವೆ. ದಾಳಿಂಬೆ ಬೆಳೆಯುವ ನೆರೆಯವರು ಹಾಗೆಯೇ ಬಿಡಲು ಹೇಳುತ್ತಾರೆ. ಯಾವುದನ್ನು ಉಳಿಸಬೇಕು? ಯಾವಾಗ ಕತ್ತರಿಸಬೇಕು?
– ಓದುಗರೊಬ್ಬರು, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ನೆರೆಯವರ ಮಾತು ದಾಳಿಂಬೆಗೆ ಸರಿ. ಕಾಂಡ ಕೊರೆಯುವ ಹುಳುವಿನಿಂದ ಒಂದು ಕಾಂಡ ಸತ್ತರೂ ಉಳಿದವು ಫಲ ಕೊಡಲೆಂದು ಅಲ್ಲಿ ಮೂರು ನಾಲ್ಕು ಕಾಂಡಗಳನ್ನು ಬೆಳೆಸುತ್ತಾರೆ. ನಿಂಬೆಗೆ ಒಂದೇ ಕಾಂಡ ಸಾಕು. ಟೊಂಗೆಗಳು ನೆಲಕ್ಕೆ ತಾಗಿದರೆ ಬುಡದಲ್ಲಿ ತೇವ ಆರದೆ ಅಂಟು ಸೋರುವ ರೋಗಕ್ಕೆ ದಾರಿಯಾಗುತ್ತದೆ. ಉದುರಿದ ಹಣ್ಣು ಆರಿಸಲು ಬಾಗಿದವರಿಗೆ ಮುಳ್ಳಿನ ಕಾಟವೂ ಗೊತ್ತಿದೆ.

ನೆಟ್ಟಗಿರುವ ಒಂದು ಕಾಂಡವನ್ನು ಉಳಿಸಿಕೊಂಡು, ನೆಲದಿಂದ ಸುಮಾರು 60 ಸೆಂ.ಮೀ. ಎತ್ತರದವರೆಗೆ ಅದನ್ನು ಬರಿದಾಗಿಡಿ. ಅದರ ಮೇಲೆ ನಾಲ್ಕೂ ದಿಕ್ಕಿಗೆ ಚಾಚಿದ, ಒಂದರಿಂದ ಒಂದಕ್ಕೆ 10ರಿಂದ 15 ಸೆಂ.ಮೀ. ಅಂತರವಿರುವ ಮೂರರಿಂದ ಐದು ಟೊಂಗೆಗಳನ್ನು ಆರಿಸಿಕೊಳ್ಳಿ. ಇಲ್ಲಿ ಹೆಚ್ಚಿನವರು ದಪ್ಪ ನೋಡಿ ಆರಿಸುತ್ತಾರೆ, ಆದರೆ ನೋಡಬೇಕಾದದ್ದು ಕೋನವನ್ನು. ಕಾಂಡಕ್ಕೆ ಅಂಟಿಕೊಂಡಂತೆ ಕಿರಿದಾದ ಕೋನದಲ್ಲಿ ಏಳುವ ಟೊಂಗೆ ಎಷ್ಟೇ ಪುಷ್ಟವಾಗಿದ್ದರೂ, ಸಂದಿನಲ್ಲಿ ತೊಗಟೆ ಸಿಕ್ಕಿಕೊಂಡು ಅದರ ಒಳಮರ ಕಾಂಡದೊಂದಿಗೆ ಬೆಸೆಯುವುದಿಲ್ಲವಾದ್ದರಿಂದ, ಮುಂದೆ ಕಾಯಿಯ ಭಾರಕ್ಕೋ ಗಾಳಿಗೋ ಸೀಳಿಬಿಡುತ್ತದೆ. 45ರಿಂದ 60 ಡಿಗ್ರಿ ಕೋನದ ತೆಳುವಾದ ಟೊಂಗೆಯೇ ಮೇಲು. ಒಂದೇ ಗಂಟಿನಿಂದ ಮೂರು ಟೊಂಗೆ ಹೊರಟಿದ್ದರೆ ಒಂದನ್ನು ಮಾತ್ರ ಬಿಡಿ. ನಡುವಿನಿಂದ ನೇರವಾಗಿ ಮೇಲೇಳುವ ರಸಭರಿತ ನೀರುಚಿಗುರುಗಳನ್ನು ಎಳಸಾಗಿರುವಾಗಲೇ ಕೈಯಿಂದ ಚಿವುಟಿದರೆ ಗಾಯ ಸಣ್ಣದಾಗುತ್ತದೆ.

ಮಳೆಗಾಲದಲ್ಲಿ ಕತ್ತರಿ ಹಿಡಿಯಬೇಡಿ, ಏಕೆಂದರೆ ಕಜ್ಜಿ ರೋಗದ ಬ್ಯಾಕ್ಟೀರಿಯಾ ಮಳೆಹನಿಯೊಂದಿಗೆ ಹಸಿ ಗಾಯವನ್ನು ಹೊಕ್ಕುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಠಾತ್ತನೆ ಬಿಸಿಲಿಗೆ ಬಿದ್ದ ಎಳೆಯ ತೊಗಟೆ ಸುಟ್ಟು ಬಿರಿಯುವುದರಿಂದ ಆಗಲೂ ಬೇಡ. ಮಳೆ ನಿಂತು ಗಾಳಿ ಒಣಗಿದ ನವೆಂಬರ್, ಡಿಸೆಂಬರ್ ತಿಂಗಳುಗಳು ಸೂಕ್ತ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ; 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣವನ್ನು ಬೇರೆ ಬೇರೆಯಾಗಿ ಕರಗಿಸಿ ಬೆರೆಸಿದಾಗ ಒಟ್ಟು ನೀರು 10 ಲೀಟರ್ ಇರಬೇಕು.

ಎಲ್ಲವನ್ನೂ ಒಂದೇ ಸಲ ಬೋಳಿಸಿದರೆ ಎಲೆ ಕಡಿಮೆಯಾಗಿ ಫಲ ತಡವಾಗುತ್ತದೆ. ಬುಡದ ತೆಳು ಟೊಂಗೆಗಳನ್ನು ಈ ವರ್ಷ ತೆಗೆಯಿರಿ. ಮುಖ್ಯ ಕಾಂಡದಷ್ಟೇ ದಪ್ಪವಾದದ್ದು ಇದ್ದರೆ ಅದನ್ನು ಈಗ ಅರ್ಧಕ್ಕೆ ಮೊಟಕುಗೊಳಿಸಿ, ಮುಂದಿನ ವರ್ಷ ಬುಡಸಮೇತ ಕತ್ತರಿಸಿ.